ಎದುರು ಕಟ್ಟಡದ ಪರದೆ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಟೈಲರಕ್ಕ ಎಂದು. ಆಕೆಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೆಯೇ ಕರೆಯುತ್ತಾರೆ. ಅಂಗಡಿಯಲ್ಲಿ ಮೊದಲು ಟೈಲರಣ್ಣ ಇದ್ದ. ಅವನ ತಂಗಿಯಾದ್ದರಿಂದ ಇವಳು ಟೈಲರಕ್ಕ. ಅಂಗಡಿ ಎಂದರೆ ಮಹಾ ಅಂಗಡಿಯೇನಲ್ಲ. ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಒಂದೇ ಕೋಣೆ. ಬೀದಿಯ ಕಡೆಗೆ ಕಬ್ಬಿಣದ ಶಟರು, ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಹಿಂದೆ ಹೊಲಿಗೆ ಮಿಷನ್ನು. ಮೂಲೆಯಲ್ಲಿ ಬಟ್ಟೆ ಬದಲಿಸಲು ಮರೆ ಮಾಡಿದ ಜಾಗ. ಅಲ್ಲಿ ನಿಂತು ಶರ್ಟು ತೆಗೆದರೆ ಎರಡು ಮೊಣಕೈಗಳೂ ಗೋಡೆಗೆ ಬಡಿಯುತ್ತವೆ. ಹಿಂದಿನ ಬಾಗಿಲಿಂದ ಮೆಟ್ಟಿಲು ಹತ್ತಿದರೆ ಮನೆ. ಮನೆಯಲ್ಲಿ ಅಣ್ಣ, ಅತ್ತಿಗೆ, ಇವಳು.

ಅಣ್ಣ ಕತ್ತರಿಸುತ್ತಿದ್ದ, ತಂಗಿ ಹೊಲಿಯುತ್ತಿದ್ದಳು. ಅಂಗಡಿ ತೆರೆದ ದಿನದಿಂದಲೂ ಕೆಲಸ ಹೀಗೇ ಹಂಚಿಹೋಗಿತ್ತು. ಮಾತೂ ಹಾಗೆಯೇ ಹಂಚಿಹೋಗಿತ್ತು. ಅಷ್ಟೂ ಅವನ ಪಾಲಿಗೆ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ ಅಳತೆಯನ್ನು ಜೋರಾಗಿ ಹೇಳುವಾಗ ಒಂದೆರಡು ಇಂಚು ಕಡಿಮೆ ಹೇಳುತ್ತಿದ್ದ. ನಿಜವಾದ ಅಳತೆಯನ್ನು ಸದ್ದಿಲ್ಲದೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೂಲೆಗೆ ಗೀಚುತ್ತಿದ್ದ. ಗಿರಾಕಿಗೂ ಖುಷಿ, ಪ್ಯಾಂಟೂ ಸರಿ. ತಂಗಿಗೆ ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, ಆಕೆ ಬಾಯಿ ತೆರೆಯುವ ಮೊದಲೇ, "ಬಂದವರದ್ದೆಲ್ಲ ಅಳತೆ ಸರಿಹೋಗ್ಲಿಲ್ಲ ಬಿಡಿ," ಎಂದು ಅವನೇ ಮಾತು ಮುಗಿಸುತ್ತಿದ್ದ. ಆಕೆ ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಒಂದು ಕೋಟಿನ ಕೆಲಸ ನಡೆದಿತ್ತು. ಅಣ್ಣ ಕತ್ತರಿಯನ್ನು ಮೇಜಿನ ಮೇಲಿಟ್ಟು, "ಸ್ವಲ್ಪ ಕೂತ್ಕೋತೀನಿ ಕಣೇ," ಎಂದ. ಸ್ಟೂಲಿನ ಮೇಲೆ ಕೂತು ಗೋಡೆಗೊರಗಿದ. ಆಕೆಯ ಬೆನ್ನು ಅವನ ಕಡೆಗಿತ್ತು. ಒಂದು ತೋಳು ಜೋಡಿಸಿದಳು. ಇನ್ನೊಂದು ತೋಳನ್ನೂ ಜೋಡಿಸಿದಳು. ಆಮೇಲೆ ಎಂದಿನಂತೆ ತಿರುಗಿ ನೋಡದೆ, "ಅಣ್ಣಾ, ಕಾಲರ್ ಕೊಡು," ಎಂದು ಕೈಯನ್ನು ಹಿಂದಕ್ಕೆ ಚಾಚಿದಳು. ಕೈಗೆ ಏನೂ ಬರಲಿಲ್ಲ.

ಬೀದಿ ಪೂರ್ತಿ ಸೇರಿತು. ಅತ್ತಿಗೆ ಎದೆ ಬಡಿದುಕೊಂಡು ಅತ್ತಳು, ಬಂದವರನ್ನೆಲ್ಲ ತಬ್ಬಿಕೊಂಡು ಅತ್ತಳು. ಟೈಲರಕ್ಕ ಮಾತ್ರ ಕುರ್ಚಿಗಳನ್ನು ಎಳೆದು ಹಾಕುತ್ತ, ಬಂದವರ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸುತ್ತ ಓಡಾಡಿದಳು. ಒಂದು ಹನಿ ಕಣ್ಣೀರಿಲ್ಲ. ಕಲ್ಲೆದೆಯವಳು ಎಂದರು ಕೆಲವರು. ಇಲ್ಲ, ಒಳಗೇ ಇಟ್ಟುಕೊಂಡಿದ್ದಾಳೆ, ಒಂದಲ್ಲ ಒಂದು ದಿನ ಕಟ್ಟೆ ಒಡೆಯುತ್ತದೆ ಎಂದರು ಇನ್ನು ಕೆಲವರು. ಕಟ್ಟೆ ಒಡೆಯಲಿಲ್ಲ. ಒಳಗೆ ನೀರಿತ್ತೋ ಇಲ್ಲವೋ ಆಕೆಗೂ ಗೊತ್ತಿರಲಿಲ್ಲ. ಬಹಳ ಕಾಲದ ಮೇಲೆ ನನ್ನ ಕೋಟಿನ ಲೈನಿಂಗ್ ಸರಿಮಾಡುತ್ತ ಆಕೆಯೇ ಒಮ್ಮೆ ಹೇಳಿದ್ದು: "ಹಲ್ಲು ಕೀಳಿಸ್ಕೊಂಡು ಬಂದ್ಮೇಲೆ ಕೆನ್ನೆ ಇರುತ್ತಲ್ಲ, ಮುಟ್ಟಿದ್ರೆ ಬೇರೆ ಯಾರದ್ದೋ ಕೆನ್ನೆ ಮುಟ್ಟಿದ ಹಾಗೆ. ಹಾಗಿತ್ತು. ಕೆನ್ನೆ ಮಾತ್ರ ಅಲ್ಲ, ಎಲ್ಲಾ."

ದುಃಖದ ದಿನಗಳು ಕಳೆದ ಮೇಲೆ ಶಟರು ಎತ್ತಿದಳು. ಹೊಸ ಬಟ್ಟೆ ತಂದವರನ್ನು ಹಾಗೇ ವಾಪಸು ಕಳಿಸಿದಳು. "ಕತ್ತರಿಸೋರಿಲ್ಲ. ರಿಪೇರಿ ಮಾತ್ರ." ಜಿಪ್ಪು, ಗುಂಡಿ, ಬಿಟ್ಟುಹೋದ ಹೊಲಿಗೆ, ಮಕ್ಕಳು ಬೆಳೆದಂತೆ ಬಿಚ್ಚಿ ಉದ್ದ ಮಾಡಬೇಕಾದ ಸ್ಕೂಲು ಯೂನಿಫಾರ್ಮು, ಇಷ್ಟೇ. ಬೆಳಿಗ್ಗೆ ಕೆಳಗಿಳಿಯುತ್ತಿದ್ದಳು, ಸಂಜೆ ಮೇಲೆ ಹತ್ತುತ್ತಿದ್ದಳು. ಅತ್ತಿಗೆ ತಟ್ಟೆ ಮುಂದಿಟ್ಟರೆ ಊಟ ಮಾಡುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ.

"ಉಪ್ಪು ಹಾಕೋದೇ ಮರೆತುಬಿಟ್ಟಿದ್ದೆ ಕಣೇ ಇವತ್ತು," ಎಂದಳು ಅತ್ತಿಗೆ ಒಂದು ದಿನ, ತಾನು ಊಟಕ್ಕೆ ಕೂತಾಗ. "ನೀನು ಒಂದು ಮಾತು ಹೇಳ್ಬಾರ್ದಾ?"

"ಗೊತ್ತಾಗ್ಲಿಲ್ಲ ಅತ್ತಿಗೆ."

"ಪೂರ್ತಿ ತಿಂದಿದ್ದೀಯಲ್ಲೇ!"

"ಹೂಂ."

ಅತ್ತಿಗೆಗೆ ಅಂದು ಗಂಡ ಸತ್ತ ದಿನಕ್ಕಿಂತ ಹೆಚ್ಚು ಭಯವಾಯಿತಂತೆ.

ಅಂಗಡಿಯ ಎದುರಿಗೇ ಕಲಾಕೇಂದ್ರ. ನಮ್ಮ ಬಾಯಲ್ಲಿ ಅದು ಗಾಜಿನ ಕಟ್ಟಡ. ಮುಂಚೆ ಅಲ್ಲಿ ಖಾಲಿ ಜಾಗವಿತ್ತು. ನಮ್ಮ ಬೀದಿಯವರೆಲ್ಲ ಅದನ್ನು ಅಡ್ಡಕ್ಕೆ ದಾಟಿ ಆಚೆ ಬದಿಯ ಬಸ್ ಸ್ಟಾಪಿಗೆ ಹೋಗುತ್ತಿದ್ದೆವು. ಕಟ್ಟಡ ಎದ್ದ ಮೇಲೆ ಇಡೀ ಬೀದಿ ಬಳಸಿ, ಗ್ಯಾರೇಜಿನ ಮೂಲೆ ಸುತ್ತಿ ಹೋಗಬೇಕಾಯಿತು. ಕೈಯಲ್ಲಿ ಚೀಲ, ಕಣ್ಣೆದುರಿಗೇ ಹೊರಟುಹೋಗುವ ಬಸ್ಸು. ಅಂದು ಹುಟ್ಟಿದ ಸಿಟ್ಟು ಇಳಿಯಲೇ ಇಲ್ಲ. ಅಗಲ ಮೆಟ್ಟಿಲು, ಗಾಜಿನ ಬಾಗಿಲು, ಬಾಗಿಲಲ್ಲಿ ಯೂನಿಫಾರ್ಮಿನ ವಾಚ್‌ಮನ್. ಸಂಜೆ ಹೊತ್ತು ಎಲ್ಲಿಂದಲೋ ಕಾರುಗಳು ಬರುತ್ತಿದ್ದವು. ಒಳ್ಳೆಯ ಬಟ್ಟೆ ತೊಟ್ಟವರು ಇಳಿದು ಒಳಗೆ ಹೋಗಿ, ಒಂದಷ್ಟು ಹೊತ್ತು ಕಳೆದು ಹೊರಬಂದು, ಬೀದಿಯ ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದರು. ಬರಬರುತ್ತ ಕಾರುಗಳೂ ಕಡಿಮೆಯಾದವು. ಗೋಡೆಯ ಮೇಲಿನ ಪೋಸ್ಟರುಗಳು ಬಿಸಿಲಿಗೆ ಬಿಳಿಚಿಕೊಂಡವು.

ಆಮೇಲೆ ಹೊಸ ಮ್ಯಾನೇಜರು ಬಂದರು. ಗಿಡ್ಡನೆಯ ಹೆಂಗಸು, ಚುರುಕು ನಡಿಗೆ, ಹೆಗಲ ಮೇಲೆ ಯಾವಾಗಲೂ ಜಾರುವ ಒಂದು ಬ್ಯಾಗು. ವಾಚ್‌ಮನ್ ಅವರನ್ನು ಮೇಡಂ ಎಂದ, ನಾವೂ ಮೇಡಂ ಎಂದೆವು. ಮೇಡಂ ಮನೆಮನೆಗೆ ಬಂದು ಬಾಗಿಲು ತಟ್ಟಿ, "ಇದು ನಿಮ್ಮದೇ ಕೇಂದ್ರ, ಬನ್ನಿ," ಎಂದು ಕರೆದರು. ನೆರೆಹೊರೆಯವರ ಜೊತೆ ಮಾತುಕತೆ ಎಂದು ಒಂದು ಸಭೆ ಇಟ್ಟರು. ಕುರ್ಚಿ ಜೋಡಿಸಿ, ದೊಡ್ಡ ಪಾತ್ರೆಯಲ್ಲಿ ಚಹಾ ಮಾಡಿಸಿದರು. ನಮ್ಮ ಬೀದಿಯಿಂದ ಒಬ್ಬ ಬಸ್ ಡ್ರೈವರ್ ಮಾತ್ರ ಹೋದ. ಅವನು ಹೋದದ್ದು ಡ್ಯೂಟಿ ಮುಗಿಸಿ ಬರುವ ದಾರಿಯಲ್ಲಿ ಪಾಯಿಖಾನೆ ಹುಡುಕಿಕೊಂಡು. ವಾಪಸು ಬರುವಾಗ ಮೇಡಂ ಅವನನ್ನು ಹಿಡಿದು ಕೂರಿಸಿ, ನಿಮಗೆ ಈ ಕೇಂದ್ರದಿಂದ ಏನು ಬೇಕು ಎಂದು ಕೇಳಿದರಂತೆ. ಅವನು ಬಹಳ ಯೋಚಿಸಿ, "ಏನೂ ಬೇಡ ಮೇಡಂ, ನೀವು ಕೇಳಿದ್ದೇ ಸಂತೋಷ," ಎಂದು ಎದ್ದುಬಂದನಂತೆ. ಚಹಾ ಉಳಿಯಿತು. ವಾಚ್‌ಮನ್ ಅದನ್ನು ನಮ್ಮ ಬೀದಿಗೆ ತಂದು ಹಂಚಿದ. ಚಹಾ ಚೆನ್ನಾಗಿತ್ತು.

ಇದೆಲ್ಲ ಟೈಲರಕ್ಕನ ಕಣ್ಣೆದುರಿಗೇ ನಡೆಯುತ್ತಿತ್ತು. ಆದರೆ ಆಕೆ ಏನನ್ನೂ ನೋಡುತ್ತಿರಲಿಲ್ಲ.

ಹೀಗಿರುವಾಗ ಕೇಂದ್ರದ ದೊಡ್ಡ ಸಭಾಂಗಣದ ಪರದೆ ಹರಿಯಿತು. ಮೇಲೆತ್ತುವಾಗ ಅಂಚು ರಾಟೆಗೆ ಸಿಕ್ಕಿಕೊಂಡಿದ್ದನ್ನು ಯಾರೂ ಗಮನಿಸದೆ ಹಗ್ಗ ಎಳೆದಿದ್ದರು. ಕಡುಗೆಂಪು ಮಖಮಲ್ಲು, ಮೇಲಿಂದ ಕೆಳಗಿನವರೆಗೆ ಚರ್ರೆಂದು ಬಾಯಿಬಿಟ್ಟಿತು. ಅದನ್ನು ಮಾಡಿಕೊಟ್ಟ ಕಂಪನಿ ದೂರದ ಊರಿನದು, ಈಗಲೇ ಆಗದು ಎಂದಿತು. ಮೇಡಂ ರಸ್ತೆ ದಾಟಿ ಅಂಗಡಿಗೆ ಬಂದರು. ಆ ದಿನ ನಾನೂ ಅಲ್ಲೇ ಇದ್ದೆ.

"ಅಕ್ಕಾ, ಒಂದು ಪರದೆ ಹರಿದಿದೆ. ಹೊಲಿದುಕೊಡ್ತೀರಾ?"

"ತಂದಿಡಿ."

"ತರೋಕಾಗಲ್ಲ. ನಿಮ್ಮ ಅಂಗಡಿಯನ್ನೇ ಅದರಲ್ಲಿ ಸುತ್ತಿಡಬಹುದು, ಅಷ್ಟು ದೊಡ್ಡದು. ನೀವೇ ಬರ್ಬೇಕು."

ಟೈಲರಕ್ಕ ಹಲ್ಲಿನಲ್ಲಿ ದಾರ ಕಡಿದಳು. ಮೇಡಂ ಬ್ಯಾಗನ್ನು ಹೆಗಲಿಗೆ ಏರಿಸಿಕೊಳ್ಳುತ್ತ ನಿಂತೇ ಇದ್ದರು. ಕೊನೆಗೆ ಆಕೆಯೇ, "ಮಿಷನ್ ಹೊರೋರು ಬೇಕು," ಎಂದಳು. ಆಮೇಲೆ ನಾನು ಕೇಳಿದೆ, ಹೇಗೆ ಒಪ್ಪಿಕೊಂಡಿರಿ ಎಂದು. "ಎಲ್ಲಿ ಕೂತು ಹೊಲಿದ್ರೇನು," ಎಂದಳು. ಆಕೆಗೆ ಆಗ ಎಲ್ಲ ಜಾಗವೂ ಒಂದೇ ಆಗಿತ್ತು.

ಮಾರನೆಯ ದಿನ ಬಸ್ ಡ್ರೈವರೂ ವಾಚ್‌ಮನ್ನೂ ಸೇರಿ ಮಿಷನ್ನನ್ನು ಹೊತ್ತು ರಸ್ತೆ ದಾಟಿಸಿದರು. ಅದನ್ನು ವೇದಿಕೆಯ ನಡುಮಧ್ಯದಲ್ಲಿಟ್ಟರು. ಪರದೆ ಕೆಳಗಿಳಿದು ವೇದಿಕೆಯ ಮೇಲೆಲ್ಲ ಹರಡಿಕೊಂಡಿತ್ತು. ಟೈಲರಕ್ಕ ಚಪ್ಪಲಿ ಬಿಟ್ಟು, ಮಖಮಲ್ಲಿನ ಮೇಲೆ ಮಂಡಿಯೂರಿ, ಹರಿದ ಅಂಚುಗಳನ್ನು ಒಂದಕ್ಕೊಂದು ಕೂರಿಸಿ ದಬ್ಬಳದಲ್ಲಿ ಕಚ್ಚಾ ಹೊಲಿಗೆ ಹಾಕುತ್ತ ಹೋದಳು. ಎದುರಿಗೆ ಖಾಲಿ ಕುರ್ಚಿಗಳ ಸಾಲುಗಳು. ಅಂಗಡಿಯ ಶಟರಿಗೆ ಒಂದು ರಟ್ಟು ನೇತುಹಾಕಿ ಬಂದಿದ್ದಳು: 'ಎದುರುಗಡೆ ಇದ್ದೀನಿ.'

ಮೊದಲ ದಿನ ಯಾರೂ ಹೋಗಲಿಲ್ಲ. ರಟ್ಟು ಓದಿ, ಗಾಜಿನ ಬಾಗಿಲ ಕಡೆ ನೋಡಿ, ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸಾದರು. ಕೊನೆಗೆ ಧೈರ್ಯ ಮಾಡಿದವನು ಬಸ್ ಡ್ರೈವರೇ. ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಡ್ಯೂಟಿಗೆ ಹೊರಟು ನಿಂತಾಗ ಪ್ಯಾಂಟಿನ ಜಿಪ್ಪು ಕೈಕೊಟ್ಟಿತ್ತು. ಟಿಫಿನ್ ಡಬ್ಬಿಯನ್ನು ಮುಂದೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ನಿನ್ನೆ ಇವನ ಜೊತೆಗೇ ಮಿಷನ್ ಹೊತ್ತ ವಾಚ್‌ಮನ್ ಇಂದು ಬಾಗಿಲಲ್ಲಿ ಸೆಟೆದು ನಿಂತಿದ್ದ. ಅಭ್ಯಾಸ, ಪಾಪ.

"ಯಾವ ಕಾರ್ಯಕ್ರಮಕ್ಕೆ?"

"ನನ್ನ ಪ್ಯಾಂಟಿಗೆ ಕಣಯ್ಯಾ!"

ವಾಚ್‌ಮನ್ ಡಬ್ಬಿ ಇದ್ದ ಕಡೆ ನೋಡಿ, ಪಕ್ಕಕ್ಕೆ ಸರಿದ.

ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಡ್ರೈವರ್ ಟವೆಲ್ ಸುತ್ತಿಕೊಂಡು, ಸುತ್ತ ದೀಪಗಳಿದ್ದ ಕನ್ನಡಿಯ ಮುಂದೆ ಕೂತಿದ್ದ. ಟೈಲರಕ್ಕ ಜಿಪ್ಪು ಹಾಕಿಕೊಟ್ಟಳು. ಅವನು ಬೀದಿಗೆ ಬಂದು ಆ ಕನ್ನಡಿಯ ಬಗ್ಗೆ ಮಾಡಿದ ವರ್ಣನೆಯೇ ಸಾಕಾಯಿತು. ಮರುದಿನ ಔಷಧಿ ಅಂಗಡಿಯ ಹೆಂಗಸು ಮಗಳ ಯೂನಿಫಾರ್ಮು ಹಿಡಿದು ಬಂದಳು. ಅವಳ ಹಿಂದೆ ಕ್ಷೌರಿಕ ಬಂದ, ನಾನು ಹೋದೆ. ವೇದಿಕೆಯ ಅಂಚಿನಲ್ಲಿ ಬಟ್ಟೆಯ ಗಂಟುಗಳು ಸಾಲಾಗಿ ಕೂತವು. ಹೊಲಿದು ಮುಗಿಯುವವರೆಗೆ ಜನ ಮೆತ್ತನೆಯ ಕುರ್ಚಿಗಳಲ್ಲಿ ಒರಗಿ ಹರಟಿದರು. ಅದೇ ಕುರ್ಚಿಗಳಲ್ಲಿ ಕೂರಿ ಎಂದು ಮೇಡಂ ಎಷ್ಟು ಸಲ ಕರೆದಿದ್ದರೋ.

ಮಧ್ಯಾಹ್ನ ಅತ್ತಿಗೆ ಊಟದ ಡಬ್ಬಿ ತರುತ್ತಿದ್ದಳು. ಮೊದಲ ದಿನ ಕೊಟ್ಟು ಹೋಗಲು ಬಂದವಳು ಎರಡನೆಯ ಸಾಲಿನಲ್ಲಿ ಕೂತಳು. ನಾಟಕದ ತಂಡವೊಂದು ಅಲ್ಲೇ ತಾಲೀಮು ನಡೆಸುತ್ತಿತ್ತು. ಪರದೆ ಹರಡಿದ್ದರಿಂದ ಅವರು ವೇದಿಕೆಯ ಒಂದು ಮೂಲೆಗೆ ಒತ್ತಿಕೊಂಡು ಮಾಡಬೇಕಿತ್ತು. ಒಬ್ಬ ನಟಿ ಸತ್ತ ಮಗನನ್ನು ನೆನೆದು ಅಳುವ ದೃಶ್ಯ. ಅತ್ತಿಗೆ ನೋಡಿದಳು, ನೋಡಿದಳು, ತಡೆಯಲಾಗಲಿಲ್ಲ.

"ಅಮ್ಮಾ, ಸಿಟ್ಟಾಗ್ಬೇಡ. ಹಾಗೆ ಮುಖ ಮುಚ್ಕೊಂಡು ಅಳಲ್ಲ. ಅಳೋವಾಗ ಮುಖದ ನೆನಪೇ ಇರಲ್ಲ. ಮೂಗು ಸುರಿತಿರುತ್ತೆ, ಅದೂ ಗೊತ್ತಾಗಲ್ಲ."

ನಟಿ ಕೆಳಗಿಳಿದು ಬಂದು ಅತ್ತಿಗೆಯ ಪಕ್ಕ ಕೂತಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಅತ್ತಿಗೆ ಗಂಡನ ಬಗ್ಗೆ ಹೇಳಿದಳು, ಸೊಂಟದ ಅಳತೆಯ ಕಥೆ ಹೇಳಿ ನಕ್ಕಳು, ಹಾಗೇ ಅತ್ತಳು. ಆ ನಟಿಯೂ ಅತ್ತಳು. ಟೈಲರಕ್ಕ ಅವರಿಂದ ಹತ್ತು ಮಾರು ದೂರದಲ್ಲಿ, ತನ್ನ ಅಣ್ಣನ ಬಗ್ಗೆಯೇ ನಡೆದ ಆ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ಮಖಮಲ್ಲಿನಲ್ಲಿ ದಬ್ಬಳ ಚುಚ್ಚಿ ಎಳೆಯುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಕೈ ಒಂದು ಸಲವೂ ತಪ್ಪಲಿಲ್ಲ.

ಹಿಂಬಾಗಿಲ ಸಂಗತಿ ನಡೆದದ್ದೂ ಆ ವಾರವೇ. ವೇದಿಕೆಯ ಹಿಂದೆ, ಸಾಮಾನು ಇಳಿಸಲು ಒಂದು ದೊಡ್ಡ ಬಾಗಿಲಿತ್ತು. ಅದನ್ನು ತೆಗೆದರೆ ಎದುರಿಗೇ ಬಸ್ ಸ್ಟಾಪು. ಔಷಧಿ ಅಂಗಡಿಯ ಹೆಂಗಸು ಹೊಲಿಸಿಕೊಂಡು ಎದ್ದವಳು ಕಿಟಕಿಯಲ್ಲಿ ಬಸ್ಸು ಬರುತ್ತಿರುವುದನ್ನು ಕಂಡಳು. "ಅಯ್ಯೋ, ಸುತ್ತಿ ಹೋಗೋಷ್ಟರಲ್ಲಿ ಹೊರಟೇ ಹೋಗುತ್ತೆ. ಇದನ್ನ ಒಂದು ಸ್ವಲ್ಪ ತೆಗೀಬಾರ್ದಾ?" ಎಂದು ವಾಚ್‌ಮನ್ನಿಗೆ ಗೋಗರೆದಳು. ಅವನು ಮೇಡಂ ಮುಖ ನೋಡಿದ. ಮೇಡಂ, "ತೆಗೀರಿ," ಎಂದರು. ಆಕೆಗೆ ಬಸ್ಸು ಸಿಕ್ಕಿತು.

ಮರುದಿನ ಇನ್ನಿಬ್ಬರು ಕೇಳಿದರು. ಅದರ ಮರುದಿನ ಕೇಳದೆಯೇ ಹೋದರು. ಮೇಡಂ ಕೆಲವು ದಿನ ನೋಡಿದರು, ಆಮೇಲೆ ಮುಂದಿನ ಬಾಗಿಲನ್ನೂ ಹಿಂದಿನ ಬಾಗಿಲನ್ನೂ ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದೇ ಇಡಿ ಎಂದರು. ಮೇಲಿನವರಿಂದ ಅಪ್ಪಣೆ ಪಡೆದರೋ ಇಲ್ಲವೋ ಗೊತ್ತಿಲ್ಲ. ಬೀದಿಗೆ ಅಡ್ಡದಾರಿ ವಾಪಸು ಸಿಕ್ಕಿತು. ಈಗ ಬಿಸಿಲಿಗೆ ನೆರಳೂ ಇತ್ತು. ತರಕಾರಿ ಚೀಲ ಹೊತ್ತವರು, ಗಾಲಿಕುರ್ಚಿ ತಳ್ಳುವವರು, ಶಾಲೆಗೆ ತಡವಾದ ಮಕ್ಕಳು, ಎಲ್ಲರೂ ಕಟ್ಟಡದ ಹೊಟ್ಟೆಯೊಳಗಿಂದಲೇ ಹಾದುಹೋದರು. ಹಾದುಹೋಗುವಾಗ ಗೋಡೆಯ ಚಿತ್ರಗಳ ಮುಂದೆ ಒಂದು ಗಳಿಗೆ ನಿಂತರು. ಕೆಲವರು ಬೇಕೆಂದೇ ಮುಂದಿನ ಬಸ್ಸಿಗೆ ಹೋದರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮೇಡಂಗೆ ಖುಷಿ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಟೈಲರಕ್ಕ ವೇದಿಕೆ ಹತ್ತಿದಾಗ ಮಿಷನ್ನಿನ ಸುತ್ತ ಹಿತ್ತಾಳೆಯ ಕಂಬ ನಿಲ್ಲಿಸಿ ಹಗ್ಗ ಕಟ್ಟಿದ್ದರು. ಮೇಲಿಂದ ಒಂದು ದೀಪ ಸರಿಯಾಗಿ ಅವಳ ಸ್ಟೂಲಿನ ಮೇಲೆ ಬೀಳುವಂತೆ ತಿರುಗಿಸಿದ್ದರು. ಪಕ್ಕದಲ್ಲೊಂದು ಫಲಕ: 'ಬದುಕೇ ಕಲೆ: ನಮ್ಮ ಬೀದಿಯ ದರ್ಜಿ.' ಕ್ಯಾಮೆರಾದವರು ಇಬ್ಬರು, ಜೊತೆಗೆ ಕೋಟು ತೊಟ್ಟ ನಾಲ್ಕೈದು ಜನ ಅತಿಥಿಗಳು.

ಟೈಲರಕ್ಕ ಹಗ್ಗದಡಿ ಬಗ್ಗಿ ಒಳಗೆ ಹೋಗಿ ಕೂತಳು. ಹೊಲಿಯಲು ಶುರುಮಾಡಿದಳು. ಅತಿಥಿಗಳು ಮೆಲ್ಲಗೆ ತಲೆಯಾಡಿಸಿದರು. ಬಟ್ಟೆ ತಂದ ಕ್ಷೌರಿಕ ಬಾಗಿಲಲ್ಲೇ ನಿಂತು, ತನ್ನ ಹರಿದ ಬನಿಯನ್ನಿನ ಗಂಟನ್ನು ಬೆನ್ನ ಹಿಂದೆ ಅಡಗಿಸಿ ಹಿಂದಕ್ಕೆ ಹೋದ. ಔಷಧಿ ಅಂಗಡಿಯವಳು ಬಗ್ಗಿ ನೋಡಿ, ಗ್ಯಾರೇಜು ಸುತ್ತಿಕೊಂಡೇ ಬಸ್ ಸ್ಟಾಪಿಗೆ ಹೋದಳು. ಎರಡು ದಿನ ಹೀಗೆಯೇ ನಡೆಯಿತು. ಎರಡನೆಯ ದಿನ ಮಧ್ಯಾಹ್ನ ಅತ್ತಿಗೆ ಡಬ್ಬಿ ಹಿಡಿದು ಬಂದಾಗ ಒಬ್ಬ ಕ್ಯಾಮೆರಾದವನು, "ಅಮ್ಮಾ, ಒಂದ್ನಿಮಿಷ, ಅಲ್ಲೇ ನಿಲ್ಲಿ. ಇನ್ನೊಂದ್ಸಲ ನಡ್ಕೊಂಡು ಬಂದು ಡಬ್ಬಿ ಕೊಡಿ," ಎಂದ. ಅತ್ತಿಗೆ ಗಲಿಬಿಲಿಗೊಂಡು ಹಿಂದೆ ಹೋಗಿ ಮತ್ತೆ ನಡೆದು ಬಂದಳು. "ಸ್ವಲ್ಪ ದುಃಖ ಇರ್ಲಿ ಮುಖದಲ್ಲಿ," ಎಂದ ಅವನು.

ಮಿಷನ್ನು ನಿಂತಿತು.

"ಎದ್ದೇಳ್ರೀ," ಎಂದಳು ಟೈಲರಕ್ಕ. ಅವನು ನಿಂತೇ ಇದ್ದ, ಆದರೂ ಮತ್ತೆ, "ಎದ್ದೇಳಿ ಅಂದೆ!" ಎಂದಳು. ಆ ದನಿಯನ್ನು ಅತ್ತಿಗೆಯೂ ಹಿಂದೆಂದೂ ಕೇಳಿರಲಿಲ್ಲ. "ಅವರ ಗಂಡ ಸತ್ತಿದಾನೆ. ನಿಮಗೆ ಬೇಕಾದಾಗ ಬೇಕಾದಷ್ಟು ದುಃಖ ಕೊಡೋಕೆ ಅದೇನು ನಲ್ಲಿನಾ?" ಹಗ್ಗವನ್ನು ಎಳೆದಳು. ಹಿತ್ತಾಳೆ ಕಂಬ ಉರುಳಿ ಸದ್ದಾಯಿತು. ಮೇಡಂ ಓಡಿಬಂದರು. "ಮೇಡಂ, ನಾನು ಇಲ್ಲಿ ಹೊಲಿಯೋಕೆ ಬಂದಿದ್ದು. ಜನ ಬಟ್ಟೆ ತರ್ತಿದ್ರು. ಈಗ ತರ್ತಿಲ್ಲ. ಹರಿದ ಬನಿಯನ್ನು ತಗೊಂಡು ದೀಪದ ಕೆಳಗೆ ಯಾರು ಬರ್ತಾರೆ? ನೀವು ಬರ್ತೀರಾ?"

ಮೇಡಂ ಬಗ್ಗಿ, ಉರುಳಿದ ಕಂಬವನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಇಲ್ಲ ಅಕ್ಕ, ಬರಲ್ಲ," ಎಂದರು. "ಇಲ್ಲಿಗೆ ಜನ ಬರ್ತಿದ್ದಾರೆ ಅಂತ ಮೇಲಿನವರಿಗೆ ತೋರಿಸ್ಬೇಕಾಗಿತ್ತು. ಇಲ್ಲಾಂದ್ರೆ ಕಟ್ಟಡ ಮುಚ್ಚೋ ಮಾತಾಡ್ತಿದ್ದಾರೆ. ತೋರಿಸೋಕೆ ಹೋಗಿ ಬಂದವರನ್ನೇ ಓಡಿಸ್ಬಿಟ್ಟೆ." ದೀಪವನ್ನು ತಾವೇ ಆರಿಸಿದರು. ಫಲಕವನ್ನು ವಾಚ್‌ಮನ್ ಹೊತ್ತೊಯ್ದ. ಮುಂದೆ ಅದರ ಹಿಂಬದಿಯಲ್ಲಿ 'ಬಸ್ ಸ್ಟಾಪಿಗೆ ದಾರಿ' ಎಂದು ಬರೆದು ಬಾಗಿಲಲ್ಲಿ ನಿಲ್ಲಿಸಿದರು.

ಅಂದು ಮನೆಗೆ ಹೋದ ಮೇಲೆ ಅತ್ತಿಗೆ ಕೇಳಿದಳು, "ಅಷ್ಟು ಸಿಟ್ಟು ಎಲ್ಲಿತ್ತೇ ನಿನ್ನ ಹತ್ರ?"

"ಗೊತ್ತಿಲ್ಲ ಅತ್ತಿಗೆ. ಕೈ ನಡುಗ್ತಾ ಇದೆ ನೋಡಿ, ಇನ್ನೂ."

ಅತ್ತಿಗೆ ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನಡುಕ ನಿಂತ ಮೇಲೆ ಟೈಲರಕ್ಕ ಮತ್ತೆ ಮೊದಲಿನಂತೆಯೇ ಆದಳು. ಊಟ ಮಾಡಿ ಮಲಗಿದಳು.

ಪರದೆಯ ಕೆಲಸ ಮುಗಿಯಿತು. ಮೇಲೆತ್ತಿದಾಗ ಹೊಲಿಗೆಯ ಗೆರೆ ಕಾಣಿಸಿತು. ಅಷ್ಟು ದೊಡ್ಡ ಹರುಕನ್ನು ಕಾಣದಂತೆ ಹೊಲಿಯಲು ಯಾರಿಂದಲೂ ಆಗುವುದಿಲ್ಲ. ದೂರದ ಕುರ್ಚಿಗಳಿಗೆ ಅದು ಒಂದು ನೆರಿಗೆಯಂತೆ ಕಂಡಿತು, ಅಷ್ಟೆ. ಇನ್ನು ಮಿಷನ್ನು ವಾಪಸು ಹೊರಬೇಕು. ಬಸ್ ಡ್ರೈವರ್ ಬಂದ, ಸೊಂಟ ಹಿಡಿದುಕೊಂಡು, "ಬರೋವಾಗ ಇಷ್ಟು ಭಾರ ಇರ್ಲಿಲ್ಲಪ್ಪ," ಎಂದು ಕೂತುಬಿಟ್ಟ. ಮೇಡಂ, ಹಿಂಬಾಗಿಲ ದಾರಿಯ ಪಕ್ಕ ಒಂದು ಸಣ್ಣ ಕೋಣೆ ಖಾಲಿ ಇದೆ, ಕಿಟಕಿಯೂ ಇದೆ, ಬೇಕಾದರೆ ಮಿಷನ್ನು ಅಲ್ಲೇ ಇರಲಿ ಎಂದರು. ಎಲ್ಲರೂ ಟೈಲರಕ್ಕನ ಮುಖ ನೋಡಿದರು.

"ಇರ್ಲಿ ಬಿಡು," ಎಂದಳು ಅತ್ತಿಗೆ. "ಕೆಳಗಿನ ಅಂಗಡಿಯಲ್ಲಿ ನೀನೊಬ್ಳೇ ಕೂತಿರೋದು ನೋಡಿದ್ರೆ ನನಗೆ ಮೆಟ್ಟಿಲು ಇಳಿಯೋಕೇ ಆಗಲ್ಲ. ಇಲ್ಲಿಗಾದ್ರೆ ಬರ್ತೀನಿ."

"ಹೂಂ," ಎಂದಳು ಟೈಲರಕ್ಕ.

ಹೀಗೆ ಆಕೆ ಆ ಕೋಣೆಯಲ್ಲಿ ಕೂತಳು. ಬಸ್ಸಿಗೆ ಹೋಗುವವರು ಬಟ್ಟೆ ಕೊಟ್ಟು ಹೋಗುವುದು, ಬರುವಾಗ ತೆಗೆದುಕೊಂಡು ಹೋಗುವುದು. ನಾಟಕದವರ ಉಡುಪು ಹರಿದರೂ ಅಲ್ಲಿಗೇ. ಕ್ಷೌರಿಕ ಸಂಜೆ ಹೊತ್ತು ಹಾಡುವವರ ಗುಂಪಿಗೆ ಸೇರಿದ. ಅವನಿಗೆ ಅಂಥ ಕಂಠವಿದೆಯೆಂದು ಇಷ್ಟು ವರ್ಷ ಅವನ ಮುಂದೆ ತಲೆಬಗ್ಗಿಸಿ ಕೂತ ನಮಗೆ ಗೊತ್ತಿರಲಿಲ್ಲ. ಬೀದಿಯವರು ಎಲ್ಲರೂ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಗ್ಯಾರೇಜಿನವನು ಇಂದಿಗೂ ಒಳಗೆ ಕಾಲಿಟ್ಟಿಲ್ಲ, ಅಡ್ಡದಾರಿಯಿಂದಾಗಿ ತನ್ನ ಮೂಲೆಗೆ ಜನ ಬರುವುದು ನಿಂತಿತೆಂದು ಅವನಿಗೆ ಸಿಟ್ಟು.

ಆ ನಟಿಯ ತಂಡ ಮುಂದಿನ ನಾಟಕಕ್ಕೆ ಬೀದಿಯವರನ್ನೇ ಸೇರಿಸಿಕೊಂಡಿತು. ನೀರು ನಿಂತುಹೋದ ಒಂದು ವಠಾರದ ಕಥೆ. ಡ್ರೈವರಿಗೆ ಡ್ರೈವರಿನದೇ ಪಾತ್ರ. ಅತ್ತಿಗೆಗೆ ಒಂದೇ ಒಂದು ಮಾತು: ಕೊನೆಯಲ್ಲಿ ಮಹಡಿಯಿಂದ ಓಡಿಬಂದು, 'ನೀರು ಬಂತು! ಬಕೆಟ್ ತನ್ನಿ!' ಎಂದು ಕೂಗಬೇಕು. ಆ ಒಂದು ಮಾತಿಗಾಗಿ ಅತ್ತಿಗೆ ಮನೆಯನ್ನು ತಲೆಕೆಳಗು ಮಾಡಿದಳು. ಪಾತ್ರೆ ತೊಳೆಯುವಾಗ ನೀರು ಬಂತು, ಕಸ ಗುಡಿಸುವಾಗ ನೀರು ಬಂತು. ಪಕ್ಕದ ಮನೆಯವರು ಒಂದು ಸಲ ನಿಜವಾಗಿಯೂ ಬಕೆಟ್ ಹಿಡಿದು ಬಂದರಂತೆ. ಟೈಲರಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ತನ್ನ ಪಾಡಿಗೆ ಊಟ ಮಾಡುತ್ತಿದ್ದಳು.

ನಾಟಕದ ದಿನ ಸಭಾಂಗಣ ತುಂಬಿತ್ತು. ಟೈಲರಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಯಾರ ಗುಂಡಿ ಕಿತ್ತುಬಂದೀತೋ ಎಂದು ಸೂಜಿ ದಾರ ಹಿಡಿದು ವೇದಿಕೆಯ ಪಕ್ಕದ ಮರೆಯಲ್ಲಿ ನಿಂತಿದ್ದಳು. ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಯ ದೃಶ್ಯ ಬಂತು. ಅತ್ತಿಗೆ ಓಡಿಬಂದಳು, ವೇದಿಕೆಯ ನಡುವೆ ನಿಂತಳು, ಜನರನ್ನು ನೋಡಿದಳು. ಅಷ್ಟೂ ಜನ ಒಟ್ಟಿಗೆ ತನ್ನನ್ನೇ ನೋಡುವುದನ್ನು ಕಂಡು ಅವಳ ಬಾಯಿ ತೆರೆದದ್ದು ತೆರೆದೇ ಇತ್ತು, ಮಾತು ಹೊರಡಲಿಲ್ಲ. ಒಂದು ಗಳಿಗೆ, ಇನ್ನೊಂದು ಗಳಿಗೆ. ನಟಿ ಏನೋ ಸನ್ನೆ ಮಾಡಿದಳು.

"ನೀರು ಬಂತು!" ಪಕ್ಕದ ಮರೆಯಿಂದ ಒಂದು ಕೂಗು ಎದ್ದಿತು. "ನೀರು ಬಂತು! ಬಕೆಟ್ ತನ್ನಿ!"

ಗಂಟಲು ಬಿರಿಯುವಂಥ ಕೂಗು. ಹಿಂದಿನ ಸಾಲಿನವರೂ ಬೆಚ್ಚಿಬಿದ್ದರು. ವೇದಿಕೆಯ ಮೇಲೆ ಕಾದು ನಿಂತಿದ್ದವರು ಬಕೆಟ್ ಹಿಡಿದು ದಡದಡ ಓಡಿದರು. ಡ್ರೈವರ್ ಎಡವಿ ಬಿದ್ದ. ಅದು ನಾಟಕದಲ್ಲಿ ಇರಲಿಲ್ಲ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಅತ್ತಿಗೆ ಮರೆಯ ಕಡೆ ತಿರುಗಿ, ಅಷ್ಟೂ ಜನರೆದುರಿಗೆ, "ನನ್ನ ಮಾತು ಕಣೇ ಅದು!" ಎಂದಳು. ನಗು ಇನ್ನೂ ಜೋರಾಯಿತು.

ಎಲ್ಲ ಮುಗಿದು ಜನ ಹಿಂಬಾಗಿಲಿನಿಂದ ಬಸ್ಸಿನ ಕಡೆ ಹೋಗುವಾಗ ನಾನು ಟೈಲರಕ್ಕನ ಕೋಣೆಯ ಹತ್ತಿರ ನಿಂತೆ. ಆಕೆ ದಾರದ ಉಂಡೆಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

"ಖುಷಿಯಾಯ್ತಾ ಅಕ್ಕ?" ಎಂದು ಕೇಳಿದೆ.

ಆಕೆ ಸ್ವಲ್ಪ ಯೋಚಿಸಿದಳು, ಬೇರೆ ಯಾರದ್ದೋ ವಿಷಯ ಕೇಳಿದ ಹಾಗೆ. "ಗೊತ್ತಾಗ್ತಿಲ್ಲ," ಎಂದಳು. "ಗಂಟಲು ನೋಯ್ತಾ ಇದೆ."

ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು, ಬಣ್ಣ ಒರೆಸಿಕೊಳ್ಳುತ್ತ ಎಲ್ಲರಿಗೂ ದೂರು ಹೇಳುತ್ತಿದ್ದಳು. ಟೈಲರಕ್ಕ ಡಬ್ಬಿಯ ಮುಚ್ಚಳ ಹಾಕಿ, "ಸ್ವಲ್ಪ ಬಿಸಿನೀರು ಎಲ್ಲಾದ್ರೂ ಸಿಗುತ್ತಾ ನೋಡ್ತೀಯಾ?" ಎಂದಳು. ತನಗೆ ಇದು ಬೇಕು ಎಂದು ಆಕೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಅಣ್ಣ ಹೋದ ಮೇಲೆ ಕೇಳಿರಲಿಲ್ಲ. ವಾಚ್‌ಮನ್ನಿನ ಹತ್ತಿರ ಕೆಟಲ್ ಇತ್ತು. ನಾನು ಹೋಗಿ ತಂದುಕೊಟ್ಟೆ.